ಅವರೇ ಬೇಡ ಅಂದ್ರೆ ಸುಳ್ಳಾಗಿಬಿಡುತ್ತಾ?

ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದು ಎರಡು ಕಡೆ ಅಡಿಗೆರೆ ಎಳೆದಿದ್ದಾರೆ. ಹಾಕುವುದಿಲ್ಲ ತಾಯಿ, ಧೈರ್ಯವಾಗಿರಿ.

ವಿಷಯ ಇಷ್ಟು. ಅವರಿಗೆ ಇಬ್ಬರು ಮಕ್ಕಳು. ಹಿರಿಯ ಮಗಳಿಗೆ ಮದುವೆಯಾಗಿದೆ. ಎರಡನೆಯ ಮಗುವಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದ ಹಿಂದೆ ಯುಗಾದಿಗೆ ಬಂದಾಗ, ‘ನಾನು ಹುಡುಗಿ ಅಲ್ಲಮ್ಮ. ಬುದ್ಧಿ ಬಂದಾಗಿನಿಂದ ನನಗೆ ನಾನು ಹುಡುಗನೇ’ ಎಂದು ಅಮ್ಮನ ಹತ್ತಿರ ಹೇಳಿಕೊಂಡಿದೆ. ತಾಯಿ ಅತ್ತರು, ಹರಕೆ ಹೊತ್ತರು, ಗಂಡನಿಗೆ ಹೇಳದೆ ಬಚ್ಚಿಟ್ಟರು. ಆದರೆ ಈಗ ಪತ್ರ ಬರೆಯಲು ಕಾರಣ ಬೇರೆ. ಆ ಮಗು ಬೆಂಗಳೂರಿನಲ್ಲಿ ತನ್ನಂಥವರನ್ನು ಹುಡುಕಿಕೊಂಡು ಒಂದು ಸಭೆಗೆ ಹೋಯಿತಂತೆ. ಅಲ್ಲಿ ತನ್ನ ಹಾಗೇ ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುತ್ತಿರುವ ಒಬ್ಬರು, ‘ಇಂಜೆಕ್ಷನ್ ಶುರು ಮಾಡಿದ್ದೀಯಾ? ಆಪರೇಷನ್ ಯಾವಾಗ? ಎರಡೂ ಇಲ್ಲ ಅಂದ್ರೆ ನೀನೆಂಥ ಗಂಡಸು’ ಅಂದರಂತೆ. ಸರಿ, ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳ ಗುಂಪು ಒಂದಿದೆಯಲ್ಲ ಎಂದು ಅಲ್ಲಿಗೆ ಹೋದರೆ, ‘ಇದು ಹೆಂಗಸರ ಗುಂಪು, ಗಂಡು ಅನ್ನೋ ನಿನಗೆ ಇಲ್ಲೇನು ಕೆಲಸ’ ಎಂದರಂತೆ. ದೀಪಾವಳಿಗೆ ಊರಿಗೆ ಬಂದು ಮೂರು ದಿನ ಊಟ ಬಿಟ್ಟು ಮಲಗಿತ್ತು ಎಂದು ಬರೆದಿದ್ದಾರೆ.

ಕೊನೆಗೆ ತಾಯಿ ಕೇಳುತ್ತಾರೆ: ‘ಅವರ ಪೈಕಿಯವರೇ ನೀನು ನಮ್ಮವನಲ್ಲ ಅಂದಮೇಲೆ ಇದು ನಿಜ ಅಲ್ಲ ಅಂತ ತಾನೇ ಅರ್ಥ? ನನ್ನ ತಮ್ಮನ ಕಡೆಯಿಂದ ಒಂದು ಸಂಬಂಧ ಬಂದಿದೆ. ಮಾಡಿಬಿಡಲಾ?’

ಬೇಡ ತಾಯಿ. ಮಾಡಬೇಡಿ. ಉಳಿದದ್ದನ್ನೆಲ್ಲ ಆಮೇಲೆ ಮಾತಾಡೋಣ, ಮೊದಲು ಆ ಸಂಬಂಧದ ಮಾತನ್ನು ನಿಲ್ಲಿಸಿ. ಒಂದು ಗುಂಪು ಸೇರಿಸಿಕೊಳ್ಳಲಿಲ್ಲ ಎಂಬುದು ನಿಮ್ಮ ಮಗುವಿನ ಮನಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಗುಂಪಿನ ಬಗ್ಗೆ ಹೇಳುತ್ತೆ, ಅಷ್ಟೆ. ಇನ್ನು ಮುಂದೆ ಈ ಅಂಕಣದಲ್ಲಿ ‘ನಿಮ್ಮ ಮಗ’ ಎಂದೇ ಬರೆಯುತ್ತೇನೆ. ಓದುವಾಗ ಚುಚ್ಚಿದರೆ ಕ್ಷಮಿಸಿ, ಆದರೆ ತಿದ್ದುವುದಿಲ್ಲ.

ಇದು ಈ ಒಬ್ಬ ತಾಯಿಯ ಸಮಸ್ಯೆ ಮಾತ್ರ ಅಲ್ಲ. ಹೊರಗಿನ ಜನ ಆಡಿಕೊಳ್ಳುವುದು ನಮಗೆಲ್ಲ ಗೊತ್ತು. ಒಳಗಡೆಯೂ ‘ನೀನು ಅಸಲಿಯಾ, ನಕಲಿಯಾ’ ಎಂಬ ತೂಕ ನಡೆಯುತ್ತೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ, ಸಿಸ್‌ಸೆಕ್ಸಿಸಂ. ಅಮೆರಿಕದ ಲೇಖಕಿ ಜೂಲಿಯಾ ಸೆರಾನೊ 2007ರಲ್ಲಿ ಬಂದ ತಮ್ಮ ‘ವಿಪ್ಪಿಂಗ್ ಗರ್ಲ್’ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ಲ್ಯಾಟಿನ್‌ನಲ್ಲಿ ‘ಟ್ರಾನ್ಸ್’ ಅಂದರೆ ಆಚೆ, ‘ಸಿಸ್’ ಅಂದರೆ ಈಚೆ. ಹುಟ್ಟಿದಾಗ ದಾದಿ ‘ಹೆಣ್ಣುಮಗು’ ಎಂದಳು, ನಮಗೂ ಹಾಗೇ ಅನ್ನಿಸಿತು, ಆದ್ದರಿಂದ ನಾನು ಈಚೆಯವಳು. ಬಹುಶಃ ನೀವೂ. ಈಚೆಯವರ ಗಂಡುತನ ಹೆಣ್ತನವೇ ಅಸಲಿ, ಆಚೆಯವರದು ವೇಷ, ಬೇಕಾದರೆ ಪುರಾವೆ ತೋರಿಸಲಿ ಎಂದುಕೊಳ್ಳುವುದಿದೆಯಲ್ಲ, ಅದೇ ಸಿಸ್‌ಸೆಕ್ಸಿಸಂ. ಪದ ದೊಡ್ಡದು, ಆದರೆ ಸಂಗತಿ ನಮ್ಮ ಮನೆಯಲ್ಲೇ ಇದೆ.

ಹೇಗೆ ಗೊತ್ತಾ? ಮದುವೆಯಾಗಿ ಆರು ವರ್ಷ ಮಕ್ಕಳಾಗದ ಹೆಣ್ಣನ್ನು ಸೀಮಂತಕ್ಕೆ ಕರೆಯೋಕೆ ನಮ್ಮಲ್ಲಿ ಹಿಂದೆಮುಂದೆ ನೋಡ್ತಾರೆ. ಗಂಡ ಸತ್ತವಳಿಗೆ ಅರಿಶಿನ ಕುಂಕುಮ ಕೊಡೋಲ್ಲ. ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವಳಿಗೆ ಓರಗಿತ್ತಿಯೇ ‘ಇನ್ನೇನಿದೆ ಬಿಡು ನಿನ್ನಲ್ಲಿ’ ಅಂತಾಳೆ. ಹಾಗೆ ಅನ್ನೋದು ಗಂಡಸರಲ್ಲ, ನಾವೇ. ಪೂರ್ತಿ ಹೆಣ್ಣು ಯಾರು ಎಂಬ ಅಳತೆಗೋಲನ್ನು ಯಾರೋ ಮಾಡಿಟ್ಟರು, ಅದನ್ನು ಹಿಡಿದು ಒಬ್ಬರನ್ನೊಬ್ಬರು ಅಳೆಯುವ ಕೆಲಸ ನಮಗೆ ಬಿತ್ತು. ನಿಮ್ಮ ಮಗನಿಗೆ ಆ ಸಭೆಯಲ್ಲಿ ಆಗಿದ್ದೂ ಇದೇ. ‘ಮೀಸೆ ಎಲ್ಲಿ’ ಎಂದು ಕೇಳಿದವನಿಗೆ ಯಾವತ್ತೋ ಪೊಲೀಸರೋ, ಡಾಕ್ಟರೋ, ಆಫೀಸಿನ ಗುಮಾಸ್ತನೋ ಅದೇ ಪ್ರಶ್ನೆ ಕೇಳಿರುತ್ತಾರೆ. ಅವನು ಅದನ್ನು ಮುಂದಿನವನಿಗೆ ದಾಟಿಸಿದ.

ಇದನ್ನು ತಿಳಿಯಬೇಕಾದರೆ ಅವರ ಲೋಕದ ಒಳಗಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಮಂಗಳಮುಖಿಯರು, ಹಿಜ್ರಾಗಳು ಎಂದು ನಾವು ಕರೆಯುವವರದು ಹಳೆಯ ಕಟ್ಟುಪಾಡಿನ ಸಮುದಾಯ. ಜಮಾತ್ ಇದೆ, ಗುರು ಇದ್ದಾರೆ, ಗುರುವಿಗೆ ಚೇಲಾಗಳು, ಗುರುವಿನ ಗುರು ‘ನಾನಿ’. ತಪ್ಪು ಮಾಡಿದರೆ ದಂಡ. ಬೆಂಗಳೂರಿನಲ್ಲಿ ಎಷ್ಟೋ ಜನ ಹಮಾಮ್‌ಗಳಲ್ಲಿ, ಅಂದರೆ ಸ್ನಾನದ ಮನೆಗಳಲ್ಲಿ, ಒಟ್ಟಿಗೆ ಬದುಕಿದವರು. ಹೆತ್ತವರು ಹೊರಗೆ ಹಾಕಿದ ಹದಿನಾರು ವರ್ಷದ ಮಕ್ಕಳಿಗೆ ಅನ್ನ ಹಾಕಿದ್ದು ಈ ಜಮಾತ್, ಸರ್ಕಾರ ಅಲ್ಲ. ಅದನ್ನು ಮರೆಯುವ ಹಾಗಿಲ್ಲ. ಆದರೆ ಅಲ್ಲೂ ಮೇಲು ಕೀಳು ಇದೆ. ನಿರ್ವಾಣ ಮಾಡಿಸಿಕೊಂಡವರಿಗೆ ಒಂದು ಮರ್ಯಾದೆ, ಮಾಡಿಸಿಕೊಳ್ಳದವರಿಗೆ ಇನ್ನೊಂದು. ನಿರ್ವಾಣ ಅಂದರೆ ಗಂಡಸಿನ ಅಂಗ ತೆಗೆಸಿಕೊಳ್ಳುವ ಶಸ್ತ್ರಕ್ರಿಯೆ. ಸೀರೆ ಉಟ್ಟು ಬೀದಿಗೆ ಬಂದವರು ಒಂದು ಕಡೆ. ಮನೆಗೆ ಹೆದರಿ ಪ್ಯಾಂಟು ಶರ್ಟಿನಲ್ಲೇ ಇರುವ ಕೋಥಿಗಳು ಇನ್ನೊಂದು ಕಡೆ. (ಕನ್ನಡದಲ್ಲಿ ‘ತ’ ಬಿಟ್ಟು ‘ಥ’ ಬರೆಯುವುದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಪಾಪ, ಹೆಸರಿನಲ್ಲೂ ಗೇಲಿ ತಪ್ಪಲಿಲ್ಲ.) ರಕ್ತ ಸುರಿಸಿ ಪಡೆದ ಜಾಗವನ್ನು ನಿನ್ನೆ ಮೊನ್ನೆ ಬಂದವರು ಬರೀ ಬಾಯಿಮಾತಿನಲ್ಲಿ ಕೇಳುತ್ತಾರೆ ಎಂಬ ಸಿಟ್ಟು ಹಿರಿಯರಲ್ಲಿ ಇದ್ದರೆ, ಆ ಸಿಟ್ಟು ನನಗೆ ಅರ್ಥವಾಗುತ್ತೆ. ಅದರಿಂದ ಹೊಡೆತ ತಿನ್ನುವುದು ಮಾತ್ರ ಅವರಿಗಿಂತ ಸಣ್ಣವರು.

ಎಲ್ಲರದೂ ಇದೇ ದಾರಿ ಎಂದೂ ಅಲ್ಲ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನೇ ನೋಡಿ. ಅವರಿಗೆ ಮುತ್ತು ಕಟ್ಟಿಸಿಕೊಳ್ಳುವುದೇ ದೀಕ್ಷೆ, ದೇಹ ಕುಯ್ಯಿಸಿಕೊಳ್ಳಬೇಕೆಂಬ ಕಟ್ಟಳೆ ಇಲ್ಲ. ಅದೇ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೊಸ ಇಂಗ್ಲಿಷ್ ಪಟ್ಟಿಯ ಯಾವ ಖಾನೆಗೆ ಜೋಗತಿ ಎಂಬ ಹೆಸರು ಸೇರುತ್ತೆ ಹೇಳಿ? ಅದು ದೇವರೂ ಹೌದು, ಕಸುಬೂ ಹೌದು, ಹೆಣ್ತನವೂ ಹೌದು.

ಇನ್ನು ನಿಮ್ಮ ಮಗನಂಥವರ ವಿಷಯ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ಹಳೆಯ ಜಮಾತೂ ಇಲ್ಲ, ಗುರುವೂ ಇಲ್ಲ, ದೇವಿಯ ಗುಡ್ಡವೂ ಇಲ್ಲ. ಗಂಡುಹುಡುಗ ಮನೆ ಬಿಟ್ಟು ಹೋದರೆ ಹೋಗಲಿ ಅಂತಾರೆ. ಹೆಣ್ಣುಹುಡುಗಿ ಹೋದಳು ಎಂದರೆ ಸ್ಟೇಷನ್‌ನಲ್ಲಿ ಕಂಪ್ಲೇಂಟು, ಎಳೆದುಕೊಂಡು ಬರುವುದು, ತಿಂಗಳೊಳಗೆ ಮದುವೆ. ಹೀಗಾಗಿ ಅವರು ಕಣ್ಣಿಗೇ ಬೀಳುವುದಿಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಎಂದು ದೇಶದಲ್ಲಿ ಸುಮಾರು 4.87 ಲಕ್ಷ ಜನರನ್ನು ಎಣಿಸಿದರು. ಮನೆ ಬಾಗಿಲಿಗೆ ಬಂದ ಗಣತಿದಾರರಿಗೆ ಉತ್ತರ ಹೇಳಿದ್ದು ಯಾರು? ಅಪ್ಪ, ಅಮ್ಮ. ಇಂಥ ಎಷ್ಟು ಗಂಡುಮಕ್ಕಳನ್ನು ‘ಮಗಳು’ ಎಂದು ಬರೆಸಿಬಿಟ್ಟರೋ!

ಈ ಕೊರತೆಯನ್ನು ಸಮುದಾಯದ ಒಳಗಿನಿಂದಲೇ ಗುರುತಿಸಿದವರು ಎ. ರೇವತಿ. ಹಿಜ್ರಾ ಜಮಾತಿನಲ್ಲಿ ಬೆಳೆದು, ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದವರು. ಅವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ, ನಾಟಕವೂ ಆಗಿದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದೇ ರೇವತಿ 2016ರಲ್ಲಿ ಬಂದ ಮತ್ತೊಂದು ಪುಸ್ತಕದಲ್ಲಿ ತಮ್ಮ ಕಥೆಗಷ್ಟೇ ನಿಲ್ಲದೆ, ಟ್ರಾನ್ಸ್ ಗಂಡಸರ ಬದುಕಿನ ಕಥೆಗಳಿಗೂ ಜಾಗ ಕೊಟ್ಟರು. ಹೆಣ್ಣಾಗಲು ಅಷ್ಟು ಕಷ್ಟಪಟ್ಟವರು ಗಂಡಾಗಲು ಕಷ್ಟಪಡುವವರ ಜೊತೆ ಕೂತು ಕೇಳಿಸಿಕೊಂಡರು. ನನಗೆ ಆ ಪುಸ್ತಕದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

‘ಆಪರೇಷನ್ ಆಗಿಲ್ಲವಲ್ಲ’ ಎಂಬ ಮಾತಿಗೆ ಬರೋಣ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ, ತಾನು ಗಂಡೋ ಹೆಣ್ಣೋ ಮೂರನೆಯವರೋ ಎಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಎಂದು ಒತ್ತಾಯಿಸುವುದು ಅನೈತಿಕ ಹಾಗೂ ಕಾನೂನುಬಾಹಿರ ಎಂದಿತು. 2019ರಲ್ಲಿ ಬಂದ ಕಾಯ್ದೆ ಆಪರೇಷನ್ ಆಗಿರಲಿ ಬಿಡಲಿ ಟ್ರಾನ್ಸ್ ವ್ಯಕ್ತಿ ಎಂದು ಒಪ್ಪಿದರೂ, ‘ಗಂಡು’ ಅಥವಾ ‘ಹೆಣ್ಣು’ ಎಂಬ ಸರ್ಟಿಫಿಕೇಟು ಬೇಕೆಂದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿತು. ಮತ್ತೆ ಅದೇ ಅಳತೆಗೋಲು ನೋಡಿ! ಕಾನೂನು ಬದಲಾಗುತ್ತಾ ಇರುತ್ತೆ. ಕಾಗದಪತ್ರಕ್ಕೆ ಕೈ ಹಾಕುವ ಮುಂಚೆ ಉಚಿತ ಕಾನೂನು ನೆರವಿನ 15100 ನಂಬರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಇಂಜೆಕ್ಷನ್, ಆಪರೇಷನ್ ಎಲ್ಲ ಅವನು, ಅವನ ಡಾಕ್ಟರು ನಿಧಾನವಾಗಿ ಯೋಚಿಸಿ ತೀರ್ಮಾನ ಮಾಡಬೇಕಾದ್ದು. ಮಾಡಿಸಿಕೊಳ್ಳಲೂಬಹುದು, ಬಿಡಲೂಬಹುದು. ದುಡ್ಡಿಲ್ಲದವರಿದ್ದಾರೆ, ಆರೋಗ್ಯ ಒಪ್ಪದವರಿದ್ದಾರೆ, ಬೇಕು ಅನ್ನಿಸದವರೂ ಇದ್ದಾರೆ. ಸಭೆಯಲ್ಲಿ ನಾಲ್ಕು ಜನರ ಎದುರು ಸೈ ಅನ್ನಿಸಿಕೊಳ್ಳೋಕೆ ಅಂತ ಅವಸರಕ್ಕೆ ಬಿದ್ದು ಕೈ ಹಾಕುವುದು ಮಾತ್ರ ಬೇಡ ಎಂದು ಅವನಿಗೆ ಹೇಳಿ.

ಈ ಪುಟವನ್ನು ಆ ಸಮುದಾಯದವರೂ ಓದ್ತಾರೆ ಅಂತ ಬರುವ ಪತ್ರಗಳಿಂದ ಗೊತ್ತು. ಅವರಿಗೂ ಒಂದೆರಡು ಮಾತು. ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೀತಿದೆ, ಬಾವುಟದಲ್ಲಿ ಎಲ್ಲ ಬಣ್ಣ ಇದೆ. ಆದರೆ ಇಂಗ್ಲಿಷ್ ಬಲ್ಲ ಗುಂಪುಗಳಲ್ಲಿ ಇನ್ನೊಂದು ಥರದ ಪರೀಕ್ಷೆ ಇರುತ್ತೆ. ಸರಿಯಾದ ಪದ ಗೊತ್ತಿದ್ದರೆ ಮಾತ್ರ ಪಾಸು. ಹಳ್ಳಿಯಿಂದ ಬಂದ ಹುಡುಗ ತನ್ನನ್ನು ತಾನು ‘ಗಂಡುಬೀರಿ’ ಅಂದುಕೊಂಡರೆ ನಕ್ಕು ತಿದ್ದುತ್ತಾರೆ. ಅವನಿಗೆ ಇಡೀ ಬಾಲ್ಯದಲ್ಲಿ ಸಿಕ್ಕಿದ್ದು ಅದೊಂದೇ ಪದ, ಅದೂ ಬೈಗುಳವಾಗಿ. ಲೇಬಲ್ಲು ಒಬ್ಬ ಮನುಷ್ಯನಿಗೆ ‘ನನ್ನ ಹಾಗೆ ಇನ್ನೂ ಜನ ಇದ್ದಾರೆ’ ಎಂಬ ಸಮಾಧಾನ ಕೊಟ್ಟರೆ ಒಳ್ಳೆಯದೇ. ಬಾಗಿಲಲ್ಲಿ ನಿಲ್ಲಿಸಿ ಟಿಕೆಟ್ ಕೇಳೋಕೆ ಬಳಸಿದರೆ, ನಿಮಗೂ ಮದುವೆಮನೆಯಲ್ಲಿ ನಿಮ್ಮನ್ನು ಹೊರಗೆ ನಿಲ್ಲಿಸಿದ ಬಂಧುಗಳಿಗೂ ಏನು ವ್ಯತ್ಯಾಸ? ಮಹಿಳೆಯರ ಗುಂಪಿಗೆ ತನ್ನದೇ ಜಾಗ ಬೇಕು ಎಂಬುದು ನ್ಯಾಯವೇ. ಆದರೆ ಬಂದವನಿಗೆ ಹೋಗಬೇಕಾದ ಇನ್ನೊಂದು ವಿಳಾಸ ಕೊಟ್ಟು, ಒಂದು ಲೋಟ ಟೀ ಕೊಟ್ಟು ಕಳಿಸಬಹುದಿತ್ತು.

ಮತ್ತೆ ನಿಮ್ಮ ಕಡೆಗೆ ಬರ್ತೀನಿ ತಾಯಿ. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದುಹಾಕಿದೆ. ‘ಸರಿ ಮಾಡಿಕೊಡ್ತೀವಿ’ ಎನ್ನುವ ಡಾಕ್ಟರನ್ನು ನಂಬಬೇಡಿ. ಅಂಥ ಚಿಕಿತ್ಸೆ ವೃತ್ತಿಗೆ ದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಂತ್ರವಾದಿಗಳ ವಿಷಯ ನಾನು ಬೇರೆ ಹೇಳಬೇಕಾ? ಮೂರು ದಿನ ಊಟ ಬಿಟ್ಟಿದ್ದ ಎಂದು ಬರೆದಿದ್ದೀರಿ, ಅದು ಮಾತ್ರ ನನಗೆ ಚಿಂತೆ. ಅವನ ಹತ್ತಿರ ನೇರವಾಗಿ ಕೇಳಿ, ‘ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ’ ಅಂತ. ಕೇಳಿದರೆ ಯೋಚನೆ ಹುಟ್ಟಿಬಿಡುತ್ತೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ಮಾತಿನ ವಿಷಯ ಒಂದಿದೆ. ನಮ್ಮ ಕನ್ನಡದಲ್ಲಿ ಕ್ರಿಯಾಪದಕ್ಕೂ ಲಿಂಗ ಅಂಟಿಕೊಂಡಿದೆ. ಬಂದ, ಬಂದಳು ಎನ್ನದೆ ಒಂದು ವಾಕ್ಯ ಮುಗಿಯೋಲ್ಲ. ಇಂಥವರನ್ನು ಕಂಡರೆ ಜನ ‘ಅದು ಬಂತು’ ಅಂದುಬಿಡ್ತಾರೆ. ಮಕ್ಕಳನ್ನು ಮುದ್ದಿಗೆ ಹಾಗೆ ಅಂದರೆ ಬೇರೆ, ದೊಡ್ಡವರನ್ನು ಹಾಗೆ ಅನ್ನುವುದು ಮನುಷ್ಯರ ಲೆಕ್ಕದಿಂದಲೇ ತೆಗೆದ ಹಾಗೆ. ಮೊದಮೊದಲು ‘ಅವನು’ ಎಂದು ನಾಲಿಗೆ ಹೊರಳದೇ ಇರಬಹುದು. ಆದರೆ ನೆನಪು ಮಾಡಿಕೊಳ್ಳಿ, ಚಿಕ್ಕವನಿದ್ದಾಗ ಮುದ್ದು ಉಕ್ಕಿದರೆ ‘ಬಾರೋ ನನ್ನ ರಾಜ’ ಎಂದು ಎಷ್ಟು ಸಲ ಕರೆದಿಲ್ಲ? ಹೆಣ್ಣುಮಕ್ಕಳನ್ನು ಹಾಗೆ ಕರೆಯದ ತಾಯಿ ನಮ್ಮಲ್ಲಿ ಇದ್ದಾರಾ? ನೀವು ಹೊಸದಾಗಿ ಕಲಿಯಬೇಕಾದ್ದು ಅಷ್ಟೇನೂ ಇಲ್ಲ. ಹೊಸ ಹೆಸರು ಇಟ್ಟುಕೊಂಡಿದ್ದರೆ ಯಾವುದು ಅಂತ ಕೇಳಿ, ಫೋನಿನಲ್ಲಿ ಅದೇ ಹೆಸರು ಹಾಕಿಕೊಳ್ಳಿ.

ಮುಟ್ಟಿನ ತೊಂದರೆಯೋ ಇನ್ನೊಂದೋ ಬಂದರೆ ಲೇಡಿ ಡಾಕ್ಟರ ಹತ್ತಿರ ಹೆಂಗಸರ ಸಾಲಿನಲ್ಲಿ ಕೂರಬೇಕಲ್ಲ ಎಂದು ಎಷ್ಟೋ ಹುಡುಗರು ನೋವು ನುಂಗಿಕೊಂಡು ಇರುತ್ತಾರೆ. ನಿಮಗೆ ಗುರುತಿರುವ ಒಳ್ಳೆಯ ಡಾಕ್ಟರು ಇದ್ದರೆ ಮೊದಲೇ ಮಾತಾಡಿ, ಜೊತೆಗೆ ಹೋಗಿ ಕೂತುಕೊಳ್ಳಿ.

ಇನ್ನು ಯಜಮಾನರಿಗೆ ಹೇಳುವ ವಿಷಯ. ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಎಂದು ಮಗನನ್ನೇ ಕೇಳಿ. ಸದ್ಯಕ್ಕೆ ಬೇಡ ಅಂದರೆ ಕಾಯಿರಿ, ಎರಡು ವರ್ಷ ಕಾದವರು ಇನ್ನಷ್ಟು ದಿನ ಕಾಯಬಹುದು. ನಿಮ್ಮ ತಮ್ಮನಿಗೆ ಮಾತ್ರ ಈ ವಾರವೇ ಫೋನ್ ಮಾಡಿ. ಕಾರಣ ಕೇಳಿದರೆ ಜಾತಕ, ಸಂಬಳ ಅಂತ ನೆಪ ಹೇಳಬೇಡಿ, ಆರು ತಿಂಗಳಿಗೆ ಇನ್ನೊಂದು ಸಂಬಂಧ ತಂದಾರು. ‘ನಮ್ಮನೇಲಿ ಈ ಮಗುವಿಗೆ ಮದುವೆ ಮಾತಿಲ್ಲ’ ಅನ್ನಿ.