ಬಿಯರ್ ಕಾಯಿಸೋದನ್ನು ಕಲಿಸಿದರೆ ಯಾರಿಗೇನು ನಷ್ಟ?

ಶೀರ್ಷಿಕೆ ನೋಡಿ ಕೆಲವರು ಹುಬ್ಬೇರಿಸಿರಬಹುದು. ರಿಟೈರ್ ಆದ ಮೇಲೆ ಭಟ್ಟರಿಗೆ ಏನಾಯ್ತು ಅಂತ. ಏನೂ ಆಗಿಲ್ಲ ಮಾರಾಯ್ರೆ. ನಾನು ವರ್ಷಕ್ಕೆ ಎರಡೋ ಮೂರೋ ಗ್ಲಾಸ್ ಕುಡಿಯುವ ಗಿರಾಕಿ, ಅದೂ ಯಾರಾದರೂ ಒತ್ತಾಯ ಮಾಡಿದರೆ. ನನ್ನ ತಕರಾರು ಕುಡಿಯೋದರ ಬಗ್ಗೆ ಅಲ್ಲ, ಕಲಿಯೋದರ ಬಗ್ಗೆ.

ನೋಡಿ, ನಾನಿರುವ ಈ ಮಹಾರಾಷ್ಟ್ರದಲ್ಲಿ ಇಪ್ಪತ್ತೊಂದು ವರ್ಷ ತುಂಬಿದವರು ಪರ್ಮಿಟ್ ಇಟ್ಟುಕೊಂಡು ಬಿಯರ್ ಕುಡಿಯಬಹುದು. ಕಂಪನಿಗಳು ಮಾರಬಹುದು. ಸರಕಾರ ಅದರ ಮೇಲೆ ತೆರಿಗೆ ಎತ್ತಬಹುದು, ಎತ್ತುತ್ತದೆ ಕೂಡಾ. ಆದರೆ ಅದೇ ಮನುಷ್ಯ ತನ್ನ ಅಡುಗೆಮನೆಯಲ್ಲಿ ಐದು ಲೀಟರ್ ಬಿಯರ್ ಮಾಡಿ, ಅಕ್ಕಪಕ್ಕದ ನಾಲ್ಕು ಜನರನ್ನು ಕರೆದು "ಹೀಗೆ ಮಾಡೋದು ನೋಡಿ" ಅಂತ ತೋರಿಸಿದರೆ ಅಪರಾಧಿ. 1949ರ ಮುಂಬಯಿ ಮದ್ಯನಿಷೇಧ ಕಾಯಿದೆ ಈಗಲೂ ಇದೆ, ಹೆಸರಲ್ಲಿ ಮುಂಬಯಿ ಹೋಗಿ ಮಹಾರಾಷ್ಟ್ರ ಬಂದಿದೆ ಅಷ್ಟೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ ಜೈಲು, ದಂಡ ಎರಡೂ. ಕೊಂಡು ಕುಡಿದರೆ ಸಭ್ಯ, ಮಾಡಿ ಕುಡಿದರೆ ಕಳ್ಳ. ಇದು ಯಾವ ನ್ಯಾಯ ಅಂತ ನನಗೆ ಅರ್ಥವಾಗಿಲ್ಲ.

ಈ ಹುಳ ನನ್ನ ತಲೆಗೆ ಹೊಕ್ಕಿದ್ದು 2019ರ ನವೆಂಬರಿನಲ್ಲಿ, ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಮಗಳ ಮನೆಗೆ ಹೋಗಿದ್ದೆ. ಅಲ್ಲಿ 1999ರಿಂದ ಪ್ರತಿ ನವೆಂಬರಿನ ಮೊದಲ ಶನಿವಾರ, ಬಿಯರ್ ಮಾಡಲು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸುವ ದಿನ ಅಂತ ಮಾಡುತ್ತಾರೆ. "ಮಾವ, ಸುಮ್ಮನೆ ಕೂತು ಏನು ಮಾಡ್ತೀರಿ, ಬನ್ನಿ" ಅಂತ ಅಳಿಯ ಎಳಕೊಂಡು ಹೋದ. ಎರಡು ಬೀದಿ ಆಚೆ ಯಾರದೋ ಗ್ಯಾರೇಜು. ಹೊರಗೆ ಜಿಟಿಜಿಟಿ ಮಳೆ, ಥೇಟ್ ನಮ್ಮೂರಿನ ಆಷಾಢ. ಒಳಗೆ ಗ್ಯಾಸ್ ಒಲೆಯ ಮೇಲೆ ನಮ್ಮ ಮದುವೆ ಮನೆಯ ಸಾರಿನ ಹಂಡೆಯಂಥ ಸ್ಟೀಲ್ ಪಾತ್ರೆ, ಸುತ್ತ ಹದಿನೈದಿಪ್ಪತ್ತು ಜನ. ಒಬ್ಬ ಬಡಗಿ, ಒಬ್ಬಳು ನರ್ಸ್, ಒಬ್ಬ ಕಾಲೇಜು ಮೇಷ್ಟ್ರು, ಎರಡು ಸಾಫ್ಟ್‌ವೇರ್ ಹುಡುಗರು (ಎಲ್ಲಿ ಹೋದರೂ ಇರ್ತಾರೆ :-)). ಫೀಸಿಲ್ಲ, ಭಾಷಣ ಇಲ್ಲ, ದೀಪ ಬೆಳಗಿಸುವುದಂತೂ ಇಲ್ಲವೇ ಇಲ್ಲ.

ಬಿಯರ್ ಮಾಡುವುದು ಅಂದರೆ ಏನೋ ದೊಡ್ಡ ಕಾರ್ಖಾನೆ ವಿದ್ಯೆ ಅಂದುಕೊಂಡಿದ್ದೆ. ನೋಡಿದರೆ ಅರ್ಧ ನಮ್ಮ ಅಜ್ಜಿಯ ವಿದ್ಯೆ. ಮಗುವಿಗೆ ರಾಗಿ ಮಣ್ಣಿ ಮಾಡಲು ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಇಡುತ್ತಿದ್ದರಲ್ಲ, ಅದೇ ಕೆಲಸ ಅವರು ಬಾರ್ಲಿಗೆ ಮಾಡಿ ಮಾಲ್ಟ್ ಅನ್ನುತ್ತಾರೆ. ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಆ ಕಾಳನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಸಿಹಿ ಕಷಾಯ. ಅದನ್ನು ಸೋಸಿ ಇನ್ನೊಂದು ಗಂಟೆ ಕುದಿಸಬೇಕು. ಕುದಿ ಬಂದಾಗ ಹಾಪ್ಸ್ ಅನ್ನುವ ಹೂ ಹಾಕಿದರೆ ಕಹಿ, ಕೊನೆಯ ಐದು ನಿಮಿಷದಲ್ಲಿ ಹಾಕಿದರೆ ಪರಿಮಳ. ನಾವು ಸಾರಿಗೆ ಕೊತ್ತಂಬರಿ ಕೊನೆಗೆ ಹಾಕುವ ಹಾಗೆ. ಅವತ್ತು ಹಾಕಿದ್ದು ಕ್ಯಾಸ್ಕೇಡ್ ಅನ್ನುವ ತಳಿ, 1972ರಲ್ಲಿ ಅದೇ ಆರೆಗಾನ್‌ನಲ್ಲಿ ಹೊರಬಂದದ್ದು. ಆಮೇಲೆ ಪಾತ್ರೆಯನ್ನು ಬೇಗ ತಣಿಸಿ, 20 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕಿ ಮುಚ್ಚಿಟ್ಟರೆ ಎರಡು ವಾರ ಅದರ ಪಾಡಿಗೆ ಅದು. ಮೇಲೆ ನೀರು ತುಂಬಿದ ಸಣ್ಣ ಕೊಳವೆಯಿಂದ ಗುಳುಗುಳು ಅಂತ ಗುಳ್ಳೆ ಬರುತ್ತಾ ಇರುತ್ತದೆ.

ಇದಿಷ್ಟನ್ನು ಯೂಟ್ಯೂಬಿನಲ್ಲೂ ನೋಡಬಹುದು, ಅದಕ್ಕೆ ಗ್ಯಾರೇಜು ಯಾಕೆ ಅಂತ ಕೇಳುತ್ತೀರಾ? ನಾನೂ ಅಳಿಯನನ್ನು ಕೇಳಿದೆ. ಉತ್ತರ ಅವನು ಹೇಳಲಿಲ್ಲ, ಪಾತ್ರೆ ಕುದಿಯುತ್ತಿದ್ದಾಗ ಮೂಲೆಯ ಮೇಜಿನ ಮೇಲೆ ಸಿಕ್ಕಿತು. ಹಿಂದಿನ ತಿಂಗಳು ಮಾಡಿದವರು ತಮ್ಮ ತಮ್ಮ ಬಾಟಲಿ ತಂದಿಟ್ಟಿದ್ದರು. ಅದೂ ಚೆನ್ನಾಗಿ ಬಂದದ್ದಲ್ಲ, ಕೆಟ್ಟದ್ದು! ಎಲ್ಲರೂ ಒಂದೊಂದು ಗುಟುಕು ಮೂಸಿ, ರುಚಿ ನೋಡಿ ಹೇಳುತ್ತಿದ್ದರು. ಇದರಲ್ಲಿ ಬೆಣ್ಣೆ ವಾಸನೆ ಇದೆ, ಯೀಸ್ಟಿನ ಕೆಲಸ ಮುಗಿಯುವ ಮೊದಲೇ ಅವಸರ ಮಾಡಿ ತೆಗೆದಿದ್ದೀಯ. ಇದು ಒದ್ದೆ ರಟ್ಟಿನ ಹಾಗಿದೆ, ಬಾಟಲಿಗೆ ತುಂಬುವಾಗ ಗಾಳಿ ಸೇರಿದೆ. ಇದು ಬ್ಯಾಂಡ್‌ಏಡ್ ಪಟ್ಟಿಯ ವಾಸನೆ, ನಲ್ಲಿ ನೀರಿನ ಕ್ಲೋರಿನ್ ತೆಗೆದಿಲ್ಲ. ನರ್ಸಮ್ಮ ತನ್ನ ಬಾಟಲಿಗೆ ಬಂದ ಟೀಕೆಯನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ಬ್ಯಾಂಡ್‌ಏಡ್ ವಾಸನೆ ಅನ್ನುವುದನ್ನು ಯಾವ ವಿಡಿಯೋ ಮೂಸಿಸುತ್ತದೆ ಹೇಳಿ? ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಅಂತ ಅಮ್ಮ ಮುಚ್ಚಳ ತೆಗೆದು ಮೂಸಿ ಹೇಳುತ್ತಿದ್ದಳಲ್ಲ, ಆ ಮೂಗು ಇನ್ನೊಂದು ಮೂಗಿನ ಪಕ್ಕದಲ್ಲಿ ನಿಂತರೆ ಮಾತ್ರ ಬರುತ್ತದೆ.

ಮತ್ತೆ ಅಪಾಯದ ಮಾತು. ಬಾಟಲಿಗೆ ತುಂಬುವಾಗ ನೊರೆ ಬರಲಿ ಅಂತ ಸ್ವಲ್ಪ ಸಕ್ಕರೆ ಹಾಕುತ್ತಾರೆ, 19 ಲೀಟರಿಗೆ ಸುಮಾರು 120 ಗ್ರಾಂ. ಕೈತಪ್ಪಿ ಜಾಸ್ತಿ ಆದರೆ, ಅಥವಾ ಯೀಸ್ಟ್ ಕೆಲಸ ಮುಗಿಯುವ ಮೊದಲೇ ತುಂಬಿದರೆ, ಬಾಟಲಿ ಒಡೆದು ಗಾಜು ಹಾರುತ್ತದೆ. ಆ ಬಡಗಿ ಮಹಾಶಯ ಇದನ್ನು ನಾಲ್ಕು ಸಲ ಹೇಳಿದ. ಗಾಜಿನ ಮಾಪಕ ಇಳಿಬಿಟ್ಟು ಎರಡು ದಿನ ಒಂದೇ ಅಂಕಿ ತೋರಿಸಿದರೆ ಮಾತ್ರ ತುಂಬು ಅಂತ ಎಲ್ಲರ ಕೈಯಲ್ಲೂ ಮಾಪಕ ಕೊಟ್ಟು ಓದಿಸಿದ. ಕದ್ದು ಕಲಿಯುವವನಿಗೆ ಇದನ್ನು ಯಾರು ಹೇಳಿಕೊಡುತ್ತಾರೆ?

ಅಮೆರಿಕದವರು ಹುಟ್ಟಾ ಉದಾರಿಗಳು ಅಂತ ತಿಳಿಯಬೇಡಿ. ಅಲ್ಲೂ 1920ರಿಂದ 1933ರವರೆಗೆ ಪೂರ್ತಿ ಪಾನನಿಷೇಧ ಇತ್ತು. ಅದು ಹೋದ ಮೇಲೆ ಮನೆಯಲ್ಲಿ ವೈನ್ ಮಾಡಲು ಬಿಟ್ಟರು, ಬಿಯರ್ ಮಾಡಲು ಬಿಡಲಿಲ್ಲ. 1970ರ ದಶಕದಲ್ಲಿ ಕೊಲರಾಡೋದ ಬೌಲ್ಡರ್ ಊರಿಗೆ ಚಾರ್ಲಿ ಪಪಾಜಿಯನ್ ಅಂತ ಒಬ್ಬ ಬಂದ. ಓದಿದ್ದು ನ್ಯೂಕ್ಲಿಯರ್ ಇಂಜಿನಿಯರಿಂಗು, ಮಾಡುತ್ತಿದ್ದದ್ದು ಶಾಲೆಯ ಮೇಷ್ಟ್ರ ಕೆಲಸ. ಆ ಊರಲ್ಲಿ ಜನ ಜನರಿಗೇ ಪಾಠ ಹೇಳುವ ಒಂದು ಸಮುದಾಯ ಶಾಲೆ ಇತ್ತು, ಅದರಲ್ಲಿ ಈತ ಬಿಯರ್ ಮಾಡುವುದನ್ನು ಕಲಿಸಲು ಶುರು ಮಾಡಿದ. ಕಾನೂನು ಇನ್ನೂ ಒಪ್ಪಿರಲಿಲ್ಲ! 1974ರಲ್ಲಿ ಲಾಸ್ ಏಂಜಲಿಸ್ ಕಡೆಯವರು ಒಂದು ಕ್ಲಬ್ಬನ್ನೇ ಕಟ್ಟಿಕೊಂಡರು. ಕೊನೆಗೆ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಒಬ್ಬಂಟಿಯಾದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವ ಹಾಗಿಲ್ಲ. ಬಟ್ಟಿ ಇಳಿಸಲು ಆ ಕಾನೂನಿನಲ್ಲಿ ಅವಕಾಶ ಕೊಡಲಿಲ್ಲ. ಅಷ್ಟಾದರೂ ಮಿಸಿಸಿಪ್ಪಿ, ಅಲಬಾಮಾ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನಮ್ಮ ಆಫೀಸುಗಳ ಫೈಲನ್ನು ಸುಮ್ಮನೆ ಬೈಯುತ್ತೇವೆ.

ಈಗ ಗಂಭೀರವಾದ ಆಕ್ಷೇಪಕ್ಕೆ ಬರುತ್ತೇನೆ, ಅದನ್ನು ತಪ್ಪಿಸಿಕೊಂಡು ಹೋದರೆ ಈ ಬರಹಕ್ಕೆ ಬೆಲೆ ಇಲ್ಲ. "ಭಟ್ರೇ, ಕುಡಿತದಿಂದ ಎಷ್ಟು ಮನೆ ಹಾಳಾಗಿದೆ ಗೊತ್ತಿಲ್ವಾ?" ಗೊತ್ತಿದೆ. ಇಲ್ಲಿಗೆ ಬಂದ ಹೊಸದರಲ್ಲಿ ನಾನಿದ್ದ ಚಾಳಿನಲ್ಲಿ ಸಂಬಳದ ದಿನ ರಾತ್ರಿ ಯಾವ ಬಾಗಿಲಿಂದ ಅಳು ಕೇಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಎದುರು ಕೂತು ಹೋರಾಡಿದ್ದು ಸುಳ್ಳಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ನಾನೂ ಖುಷಿಪಟ್ಟಿದ್ದೆ. ಆದರೆ ಆ ಹೆಂಗಸರ ಸಿಟ್ಟು ಇದ್ದದ್ದು ಪ್ಯಾಕೆಟ್ಟಿನ ಮೇಲೆ. ಹತ್ತು ನಿಮಿಷದಲ್ಲಿ ಕೊಂಡು, ಹತ್ತು ನಿಮಿಷದಲ್ಲಿ ಕುಡಿದು, ದುಡಿದದ್ದನ್ನೆಲ್ಲ ಅಲ್ಲೇ ಬಿಟ್ಟು ಬರುವ ವ್ಯಾಪಾರದ ಮೇಲೆ. ಐದಾರು ಗಂಟೆ ಪಾತ್ರೆ ತೊಳೆದು, ಕಾಯಿಸಿ, ನಾಲ್ಕು ವಾರ ಕಾದು ಒಂದು ಗ್ಲಾಸ್ ಕುಡಿಯುವವನು ಆ ಗಿರಾಕಿ ಅಲ್ಲ. ಕುಡಿತದ ಚಟ ಇರುವವನಿಗೆ ನಾಲ್ಕು ವಾರದ ತಾಳ್ಮೆ ಎಲ್ಲಿಂದ ಬರಬೇಕು? ಆದರೂ ಮನೆಯಲ್ಲಿ ಕುಡಿತದ ಕಾಟ ಇರುವವರು ಇದು ನಮಗೆ ಬೇಡ ಅಂದರೆ ನಾನು ಎದುರು ಮಾತಾಡುವುದಿಲ್ಲ. ಅವರ ಅನುಭವ ನನ್ನ ವಾದಕ್ಕಿಂತ ದೊಡ್ಡದು.

ಇನ್ನೊಂದು ಹೆದರಿಕೆ, "ಕಳ್ಳಭಟ್ಟಿ ಸಾವು". 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2015ರ ಜೂನಿನಲ್ಲಿ ಇಲ್ಲೇ ಮಾಲಾಡಿನ ಮಾಲ್ವಣಿಯಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಬೆಳಿಗ್ಗೆ ಲೋಕಲ್ಲಿನಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಆದರೆ ಆ ಬಡವರನ್ನು ಕೊಂದದ್ದು ಮಿಥನಾಲ್ ಅನ್ನುವ ವಿಷ. ಹೆಚ್ಚು ಲಾಭಕ್ಕಾಗಿ ಕಾರ್ಖಾನೆಯ ಆ ದ್ರವವನ್ನೇ ಹೆಂಡ ಅಂತ ಮಾರುವವರು ಇದ್ದಾರೆ. ಬಾರ್ಲಿ ಕಷಾಯಕ್ಕೆ ಯೀಸ್ಟ್ ಹಾಕಿ ಮಾಡಿದ ಬಿಯರಿನಲ್ಲಿ ಜೀವ ತೆಗೆಯುವಷ್ಟು ಮಿಥನಾಲ್ ಹುಟ್ಟುವುದಿಲ್ಲ. ಈ ಎರಡರ ವ್ಯತ್ಯಾಸ ಎಷ್ಟು ಜನಕ್ಕೆ ಗೊತ್ತು? ಕಾನೂನಿಗೂ ಎರಡೂ ಒಂದೇ, ನಮಗೂ ಎರಡೂ ಒಂದೇ. ಬಾಯಿ ಬಿಟ್ಟು ಮಾತಾಡದ ವಿಷಯದಲ್ಲಿ ತಿಳುವಳಿಕೆ ಹೇಗೆ ಬೆಳೆಯಬೇಕು ಸ್ವಾಮಿ?

ಕಾನೂನು ಬದಲಾಯಿಸಲು ಬರುವುದಿಲ್ಲ ಅನ್ನುವ ಹಾಗೂ ಇಲ್ಲ. ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲಿ ಅಂತ ಇದೇ ಮಹಾರಾಷ್ಟ್ರ ಸರಕಾರ 2001ರಲ್ಲಿ ವೈನಿಗೆ ಪ್ರತ್ಯೇಕ ನೀತಿ ತಂದಿತು. 2009ರಲ್ಲಿ ಪುಣೆಯಲ್ಲಿ ಡೂಲಾಲಿ ಅನ್ನುವವರು ಅಲ್ಲೇ ಕಾಯಿಸಿ ಅಲ್ಲೇ ಬಡಿಸುವ ಬಿಯರ್ ಮನೆ ತೆರೆದರು, ಆಮೇಲೆ ಬೆಂಗಳೂರಿನಲ್ಲೂ ಅಂಥದ್ದು ಶುರುವಾಯಿತು. ಬಂಡವಾಳ ಇದ್ದವನಿಗೆ ಬಾಗಿಲು ತೆರೆಯುತ್ತದೆ. ಅದೇ ಕೆಲಸವನ್ನು ಕುಕ್ಕರಿನ ಪಕ್ಕದಲ್ಲಿ ಲಾಭವಿಲ್ಲದೆ ಮಾಡುವವನಿಗೆ ಬಾಗಿಲಿಲ್ಲ. ಅತ್ತ ಅಸ್ಸಾಮಿನ ದಿಮಾಸಾ ಜನ ಮನೆಯಲ್ಲಿ ಅಕ್ಕಿಯಿಂದ ಮಾಡುವ ಜುಡಿಮಾಕ್ಕೆ 2021ರಲ್ಲಿ ಜಿಐ ಪಟ್ಟ ಸಿಕ್ಕಿತು. ನಮ್ಮ ಮೈಸೂರು ಮಲ್ಲಿಗೆಗೆ ಇದೆಯಲ್ಲ, ಅದೇ ಪಟ್ಟ. ಒಂದು ಕಡೆ ಪರಂಪರೆ ಅಂತ ಸನ್ಮಾನ, ಇನ್ನೊಂದು ಕಡೆ ಪೊಲೀಸು.

ನನ್ನ ಬೇಡಿಕೆ ಸಣ್ಣದು. ಒಂದು ಮನೆಗೆ ತಿಂಗಳಿಗೆ ಇಂತಿಷ್ಟು ಲೀಟರ್ ಅಂತ ಮಿತಿ ಹಾಕಲಿ. ಮಾರಬಾರದು, ಬಟ್ಟಿ ಇಳಿಸಬಾರದು. ಇಪ್ಪತ್ತೊಂದರ ಕೆಳಗಿನವರು ಹತ್ತಿರ ಸುಳಿಯಬಾರದು. ಕಲಿಸುವ ಕೂಟ ಇದ್ದರೆ ಹೆಸರು ಬರೆಸಿ, ಬಾಗಿಲು ತೆರೆದಿಟ್ಟು ಮಾಡಲಿ, ಬೇಕಾದರೆ ಅಬಕಾರಿಯವರೂ ಬಂದು ರುಚಿ ನೋಡಲಿ. ಬ್ರಿಟನ್ನಿನವರು 1963ರಲ್ಲಿ ಮನೆ ಬಿಯರಿಗೆ ಇದ್ದ ಲೈಸೆನ್ಸನ್ನೇ ಕಿತ್ತು ಹಾಕಿದರು. ನಮ್ಮ ಎಷ್ಟೋ ಕಾನೂನು ಅವರದೇ ನಕಲು, ಇದೊಂದನ್ನು ನಕಲು ಮಾಡಲು ಮರೆತೆವು.

ಅಲ್ಲಿಯವರೆಗೆ? ಅಲ್ಲಿಯವರೆಗೆ ನಮ್ಮ ಹೊರನಾಡ ಕನ್ನಡ ಸಂಘಗಳಿಗೆ ಒಂದು ಮಾತು. ರಾಜ್ಯೋತ್ಸವ, ಹಳದಿಕುಂಕುಮ, ಯಕ್ಷಗಾನ ಎಲ್ಲ ಬೇಕು, ಆದರೆ ನಾವು ಬರೀ ನೋಡುವವರ ಗುಂಪಾಗಿಬಿಟ್ಟಿದ್ದೇವೆ. ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ ಬಟಾಟೆ ವಡೆ ತಿಂದು ಬರುವುದು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನೂ ದಾಟುತ್ತಿಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ದೋಸೆ ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ತರುತ್ತಾರೆ, ಅದು ಯಾಕೆ ಹುಳಿ ಬರುತ್ತದೆ ಅಂತ ಗೊತ್ತಿಲ್ಲ. ಬಿಯರ್ ಬೇಡ ಬಿಡಿ, ಕಾನೂನಿಲ್ಲ. ಮಿಡಿ ಉಪ್ಪಿನಕಾಯಿ ಹಾಕುವುದು, ಮೊಳಕೆ ರಾಗಿ ಹಿಟ್ಟು, ಉದ್ದಿನ ಹಿಟ್ಟು ಮಳೆಗಾಲದಲ್ಲಿ ಉಬ್ಬದಿದ್ದರೆ ಏನು ಮಾಡಬೇಕು, ಇವನ್ನೆಲ್ಲ ತಿಂಗಳಿಗೊಂದು ಭಾನುವಾರ ಕಲಿಸಬಹುದಲ್ಲ? ಕೆಟ್ಟ ಡಬ್ಬಿಗಳನ್ನೂ ತನ್ನಿ ಅಂತ ಹೇಳಬೇಕು, ಅದು ಮುಖ್ಯ.

ನಮ್ಮ ಸಂಘದ ಕಾರ್ಯದರ್ಶಿಯವರ ಹತ್ತಿರ ಇದನ್ನು ಹೇಳಿದೆ. "ಐಡಿಯಾ ಒಳ್ಳೇದು ಭಟ್ರೆ, ಮುಖ್ಯ ಅತಿಥಿ ಯಾರನ್ನು ಕರೆಯೋಣ?" ಅಂದರು. ಯಾರೂ ಬೇಡ, ಎರಡು ಗ್ರೈಂಡರ್ ಸಾಕು ಅಂದೆ. ಕಮಿಟಿ ಮುಂದೆ ಇಡುತ್ತಾರಂತೆ.