ಕಿರಿಯರ ಕೊಡುಗೆ, ಹಿರಿಯರ ಸ್ವೀಕಾರ

ದಾನದ ಮಹಿಮೆಯನ್ನು ಕೊಂಡಾಡುವ ಗ್ರಂಥಗಳು ನಮ್ಮಲ್ಲಿ ಹೇರಳ. ಸ್ವೀಕಾರದ ಧರ್ಮವನ್ನು ವಿವೇಚಿಸಿದವು ವಿರಳ. ಕೊಡುವವನು ಹಿರಿಯ, ಕೊಳ್ಳುವವನು ಕಿರಿಯ ಎಂಬುದು ಲೋಕರೂಢಿ. ಆದರೆ ಕಿರಿಯನೇ ಕೊಡಲು ಬಂದು ಬಾಗಿಲಲ್ಲಿ ನಿಂತಾಗ ಹಿರಿಯನ ನಡೆ ಹೇಗಿರಬೇಕು? ಇದು ಸುಜ್ಞರು ವಿಚಾರಿಸತಕ್ಕ ವಿಷಯವಾಗಿದೆ.

2018ರ ಆಗಸ್ಟಿನಲ್ಲಿ ಕೇರಳವು ಜಲಪ್ರಳಯಕ್ಕೆ ತುತ್ತಾದಾಗ ಪುಟ್ಟ ದ್ವೀಪರಾಷ್ಟ್ರವಾದ ಮಾಲ್ದೀವ್ಸ್ 50,000 ಡಾಲರುಗಳ ನೆರವನ್ನು ಸಾರಿತು. 1988ರ ನವೆಂಬರಿನಲ್ಲಿ ಆ ದೇಶದ ಸರ್ಕಾರವನ್ನು ಉರುಳಿಸುವ ಸಂಚು ನಡೆದಾಗ ಧಾವಿಸಿದುದು ಭಾರತದ ಸೇನೆ. 2014ರ ಡಿಸೆಂಬರಿನಲ್ಲಿ ಅದರ ರಾಜಧಾನಿ ಮಾಲೆಯಲ್ಲಿ ಕುಡಿಯುವ ನೀರು ನಿಂತಾಗ ವಿಮಾನ, ಹಡಗುಗಳಲ್ಲಿ ನೀರು ಕಳುಹಿದುದೂ ಭಾರತವೇ. ಹೀಗಿರಲು ಆ ಕೊಡುಗೆಯು ಧನವೆನಿಸದೆ ಕೃತಜ್ಞತೆ ಎನಿಸಿತ್ತು. ಭಾರತ ಸರ್ಕಾರವಾದರೋ 2004ರ ಸುನಾಮಿಯ ಕಾಲದಿಂದ ಅನುಸರಿಸಿ ಬಂದ ನೀತಿಯಂತೆ ವಿದೇಶೀ ಸರ್ಕಾರಗಳ ನೆರವನ್ನು ವಂದನಾಪೂರ್ವಕವಾಗಿ ನಿರಾಕರಿಸಿತು.

ಸ್ವಾವಲಂಬನೆಯ ಆ ನಿಲುವು ತುಚ್ಛವಾದುದಲ್ಲ. ಪರರ ಕೈ ಕಾಯದೆ ತನ್ನ ಮಕ್ಕಳನ್ನು ತಾನೇ ಸಲಹುವೆನೆಂಬ ಛಲವು ಸ್ವತಂತ್ರ ರಾಷ್ಟ್ರಕ್ಕೆ ಭೂಷಣವೇ ಸರಿ. ಆದರೆ ಬೇಡುವುದು ಬೇರೆ, ಬಂದುದನ್ನು ಕೊಳ್ಳುವುದು ಬೇರೆ. 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆಯೂ ಈ ಭೇದವನ್ನು ಗುರುತಿಸಿದೆ: ಭಾರತವು ತಾನಾಗಿ ಯಾಚಿಸದು; ಸದ್ಭಾವದಿಂದ ಬಂದ ನೆರವನ್ನು ಸ್ವೀಕರಿಸಬಹುದು.

2005ರಲ್ಲಿ ಕತ್ರೀನಾ ಚಂಡಮಾರುತವು ಅಮೆರಿಕೆಯನ್ನು ಕಂಗೆಡಿಸಿದಾಗ ಶ್ರೀಲಂಕೆಯು 25,000 ಡಾಲರುಗಳನ್ನು ನೀಡಿತು. ಎಂಟು ತಿಂಗಳ ಹಿಂದಷ್ಟೇ ಸುನಾಮಿಯಲ್ಲಿ 30,000ಕ್ಕೂ ಮಿಕ್ಕಿ ಜನರನ್ನು ಕಳೆದುಕೊಂಡ ನಾಡು ಅದು! 2021ರ ಮಹಾಮಾರಿಯ ಎರಡನೆಯ ಅಲೆಯಲ್ಲಿ ಭಾರತವೂ ಬಾಗಿಲು ತೆರೆಯಿತು. ಅಸ್ಸಾಮಿಗೆ ನಿತ್ಯ 40 ಟನ್ ದ್ರವ ಆಮ್ಲಜನಕ ಕೊಡುವೆನೆಂದು ಭೂತಾನ ಮುಂದೆ ಬಂದಿತು. ಕೆನ್ಯಾ ದೇಶವು 12 ಟನ್ ಚಹ, ಕಾಫಿ, ಶೇಂಗಾ ಕಳುಹಿದಾಗ ಮಾತ್ರ ಕೆಲವರು ನಕ್ಕರು. ನಕ್ಕವರು ತೂಕವನ್ನು ನೋಡಿದರು, ಮನವನ್ನು ನೋಡಲಿಲ್ಲ.

ಸೈನಿಕರ ನೆರವಿನ ಮಾತು ಬೇರೆ. ಅನ್ಯದೇಶದ ಸೈನಿಕನು ಗುದ್ದಲಿ ಹಿಡಿದು ಬಂದರೂ ಯಾರ ಆಜ್ಞೆಯಲ್ಲಿ ದುಡಿಯುವನೆಂಬ ಪ್ರಶ್ನೆ ಉಳಿಯುತ್ತದೆ. ಆದುದರಿಂದಲೇ 1994ರ ಓಸ್ಲೋ ಮಾರ್ಗಸೂಚಿಯು ಅಂಥ ನೆರವನ್ನು ಬೇರೆ ದಾರಿ ಇಲ್ಲದಾಗಿನ ಕೊನೆಯ ಉಪಾಯವೆಂದು ಸೂಚಿಸಿದೆ. ಎಚ್ಚರಿಕೆಯು ಇಲ್ಲಿ ಯುಕ್ತ. ಹಿಡಿ ಧಾನ್ಯದ ಮುಂದೆ ಅದೇ ಎಚ್ಚರಿಕೆಯು ಬಿಂಕವೆನಿಸೀತು.

ಈ ಸತ್ಯವನ್ನು ರೋಣ, ನರಗುಂದ ಸೀಮೆಯ ಜನರಿಗೆ ಯಾರೂ ಬೋಧಿಸಬೇಕಾಗಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಜೋಳದ ರೊಟ್ಟಿ ಬಡಿದು ಗಂಟು ಕಟ್ಟಿ ಕಳುಹಲಾಯಿತು. ಮರುವರ್ಷದ ಆಗಸ್ಟಿನಲ್ಲಿಯೇ ಮಲಪ್ರಭೆ, ಬೆಣ್ಣೆಹಳ್ಳಗಳು ಉಕ್ಕಿ ಕೊಣ್ಣೂರು, ಲಖಮಾಪುರ, ಹೊಳೆಆಲೂರುಗಳಿಗೆ ನೀರು ನುಗ್ಗಿತು. ಮಳೆಗಾಗಿ ಮುಗಿಲು ನೋಡುವ ಬರದ ಸೀಮೆ ನೀರಿನಿಂದಲೇ ನಿರಾಶ್ರಿತವಾಯಿತು. ಕೊಟ್ಟ ಕೈ ಒಡ್ಡುವ ಕೈಯಾಯಿತು. ಗುಡ್ಡದ ಮಗ್ಗುಲಿನ ಗಜೇಂದ್ರಗಡಕ್ಕೆ ಹೊಳೆಯ ಭಯವಿಲ್ಲದಿರಬಹುದು. ಬರದ ಭಯ ಅದಕ್ಕೂ ಉಂಟು. ಕೊಡುವ ಸರದಿ, ಕೊಳ್ಳುವ ಸರದಿ ಯಾರನ್ನೂ ಬಿಟ್ಟಿಲ್ಲ.

ನಾಡಿನ ಮಠಗಳ ಶಾಲೆಗಳೂ ಉಚಿತ ಪ್ರಸಾದನಿಲಯಗಳೂ ಬೆಳೆದುದು ಸಿರಿವಂತರ ಥೈಲಿಯಿಂದಷ್ಟೇ ಅಲ್ಲ. ಸುಗ್ಗಿಯ ಕಣದಲ್ಲಿ ಬಡ ಒಕ್ಕಲಿಗನು ಅಳೆದು ಕೊಟ್ಟ ಸೇರು ಜೋಳದಿಂದಲೂ ಅವು ಬೆಳೆದಿವೆ. ಆ ಸೇರನ್ನು ಅಂದು ಅಲ್ಪವೆಂದು ಹಿಂದಿರುಗಿಸಿದ್ದರೆ ಹಾನಿಯಾಗುತ್ತಿದ್ದುದು ಧಾನ್ಯಕ್ಕಲ್ಲ, "ಈ ಶಾಲೆ ನನ್ನದು" ಎಂಬ ಅವನ ಅಭಿಮಾನಕ್ಕೆ. ರಾಷ್ಟ್ರಗಳ ಬಾಳೂ ಹಾಗೆಯೇ. ಚಿಕ್ಕ ನಾಡಿನ ಕೊಡುಗೆಯನ್ನು ಒಲ್ಲೆನೆಂದರೆ ಅದು ನೆರೆಯವನಾಗಿ ಸಮನಾಗಿ ನಿಲ್ಲುವ ಅವಕಾಶವನ್ನೇ ಕಸಿದಂತೆ.

ಆದಕಾರಣ ಶಿಕ್ಷಕರು ಮಕ್ಕಳಿಗೆ ಕೊಡುವುದನ್ನು ಕಲಿಸುವಂತೆ ಬಾಗಿ ಕೊಳ್ಳುವುದನ್ನೂ ಕಲಿಸಲಿ. ಸಂಸ್ಥೆಗಳು ದಾನಿಗಳ ನಾಮಾವಳಿಯನ್ನು ಮುದ್ರಿಸುವಾಗ ಲಕ್ಷ ಕೊಟ್ಟವರ ಪುಟದಲ್ಲಿಯೇ ಸೇರು ಕೊಟ್ಟವರ ಹೆಸರನ್ನೂ ಸಮನಾದ ಅಕ್ಷರದಲ್ಲಿ ಅಚ್ಚು ಹಾಕಿಸಲಿ. ಹಿರಿತನದ ಪರೀಕ್ಷೆಯಾಗುವುದು ಕೊಡುವಾಗ ಅಲ್ಲ, ಕಿರಿಯರಿಂದ ಕೊಳ್ಳುವಾಗ.