ಬಡ್ಡಿ ಲೆಕ್ಕಕ್ಕೊಂದು ಹೊಸ ಭಾಷೆ



"ಮಗಳ ಡಿಗ್ರಿ ಮುಗೀತು. ಈಗ ಕಂಪ್ಯೂಟರ್ ಭಾಷೆ ಕಲೀತೀನಿ, ಬೀದರಿಗೆ ಕ್ಲಾಸಿಗೆ ಹಚ್ಚು ಅಂತಾಳ. ರೊಕ್ಕ ಕಟ್ಟಬೇಕೋ ಬ್ಯಾಡೋ ಹೇಳ್ರಿ ಅಕ್ಕಾ" ಎಂದು ನಮ್ಮ ಬಗದಲ್‌ನ ತಾಯಂದಿರು ಈಚೆಗೆ ಕೇಳುತ್ತಾರೆ. ಕೆಲವರಿಗೆ ತಾವೇ ಕಲಿಯುವ ಆಸೆಯೂ ಇದೆ, ಬಾಯಿಬಿಟ್ಟು ಹೇಳಲು ನಾಚಿಕೆ. ಇಬ್ಬರಿಗೂ ನನ್ನ ಉತ್ತರ ಒಂದೇ. ರೊಕ್ಕ ಕಟ್ಟುವ ಮೊದಲು ಒಂದು ತಿಂಗಳು ಮನೆಯಲ್ಲೇ ಕುಳಿತು, ಮನೆಗೆ ಬೇಕಾದ ಮೂರು ಸಣ್ಣ ಕೆಲಸಗಳನ್ನು ಆ ಭಾಷೆಯಲ್ಲಿ ಮಾಡಿ ನೋಡಿ.

ನಮ್ಮ ಸೀಮೆಯ ಮಂದಿಗೆ ಹೊಸ ಭಾಷೆ ಎಂದರೆ ಹೆದರಿಕೆ ಇರಬಾರದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು, ಬೀಗರ ಮನೆಯಲ್ಲಿ ಮರಾಠಿ ಇಲ್ಲವೇ ತೆಲುಗು. ಇದನ್ನೆಲ್ಲ ನಾವು ವ್ಯಾಕರಣ ಓದಿ ಕಲಿತೆವೇ? ಕಾಯಿಪಲ್ಲೆ ಭಾವ ಕೇಳುತ್ತ, ಚೌಕಾಸಿ ಮಾಡುತ್ತ ಕಲಿತೆವು. ಕಂಪ್ಯೂಟರ್ ಭಾಷೆಯೂ ಹಾಗೆಯೇ, ಕೆಲಸ ಬಿದ್ದಾಗ ನಾಲಿಗೆಗೆ ಹತ್ತುತ್ತದೆ.

ಕಲಿಯುವುದಕ್ಕೆ ಪೈಥಾನ್ ಎಂಬ ಭಾಷೆ ಒಳ್ಳೆಯದು. ಹೆಸರು ಕೇಳಿ ಹೆಬ್ಬಾವು ಅಂದುಕೊಳ್ಳಬೇಡಿ. ಬ್ರಿಟನ್ನಿನ ಒಂದು ನಗೆಯ ಟೀವಿ ಕಾರ್ಯಕ್ರಮದ ಹೆಸರಿನಿಂದ ಬಂದದ್ದು ಅದು. ನೆದರ್‌ಲೆಂಡ್ಸಿನ ಗೈಡೋ ವಾನ್ ರೋಸಮ್ ಎಂಬವರು 1989ರ ಕ್ರಿಸ್‌ಮಸ್ ರಜೆಯಲ್ಲಿ ಹವ್ಯಾಸಕ್ಕೆಂದು ಇದನ್ನು ಶುರು ಮಾಡಿದರು, 1991ರಲ್ಲಿ ಜನರ ಕೈಗೆ ಕೊಟ್ಟರು. ನೋಡಿ, ಆ ಭಾಷೆ ಹುಟ್ಟಿದ್ದೇ ರಜೆಯ ಸಣ್ಣ ಕೆಲಸವಾಗಿ! ಅದರೊಳಗಿನ ಖಾಸಾ ಮಾತುಗಳು 35ರಷ್ಟು ಮಾತ್ರ. ಅವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ ನಾವು ಇಡುವ ಹೆಸರುಗಳು, ಅಂದರೆ ಸಾಲ, ಬಡ್ಡಿ, ಬೆಲ್ಲ, ಇವು ಕನ್ನಡ ಅಕ್ಷರದಲ್ಲೇ ಇರಬಹುದು.

ಖರ್ಚು ಏನೂ ಇಲ್ಲ. ಕಂಪ್ಯೂಟರ್ ಇದ್ದರೆ ಪೈಥಾನ್ ಪುಕ್ಕಟೆ ಸಿಗುತ್ತದೆ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಳ್ಳಿ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮುಂಬಯಿ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ.

ಮೊದಲ ವಾರ: ಮಗ್ಗಿ

ಹದಿನೇಳರ ಮಗ್ಗಿ ಬರೆಸಿ. 'ಪ್ರಿಂಟ್' ಎಂದರೆ ತೋರಿಸು, 'ಫಾರ್' ಎಂದರೆ ಇಷ್ಟು ಸಲ ಮಾಡು. ಈ ಎರಡು ಮಾತು ಸಾಕು. 'ಫಾರ್' ಸಾಲಿನ ಕೊನೆಗೆ ಎರಡು ಚುಕ್ಕೆ (:) ಇಡಬೇಕು. ಕಾಗದ ಬರೆಯುವಾಗ ಹೊಸ ಪ್ಯಾರಾ ಒಳಕ್ಕೆ ಸರಿಸುತ್ತೇವಲ್ಲ, ಹಾಗೆ ಅದರ ಕೆಳಗಿನ ಸಾಲನ್ನು ನಾಲ್ಕು ಅಕ್ಷರ ಒಳಕ್ಕೆ ಸರಿಸಬೇಕು. ಇನ್ನೊಂದು ತಮಾಷೆ: 1ರಿಂದ 10ರವರೆಗೆ ಬೇಕಾದರೆ 'ರೇಂಜ್'ನಲ್ಲಿ 1 ಮತ್ತು 11 ಎಂದು ಬರೆಯಬೇಕು. ಕೊನೆಯ ಅಂಕಿಯ ಹೊಸ್ತಿಲವರೆಗೆ ಮಾತ್ರ ಅದು ಹೋಗುತ್ತದೆ, ದಾಟುವುದಿಲ್ಲ.

ಎರಡನೇ ವಾರ: ಹೋಳಿಗೆ

ಐದು ಮಂದಿಯ ಹೋಳಿಗೆಗೆ ಕಡಲೆಬೇಳೆ 250 ಗ್ರಾಂ, ಬೆಲ್ಲ 250 ಗ್ರಾಂ ಎಂದಿಟ್ಟುಕೊಳ್ಳಿ. ಒಬ್ಬರಿಗೆ 50 ಗ್ರಾಂ ಆಯಿತು. ಎಷ್ಟು ಮಂದಿ ಎಂದು ಯಂತ್ರ ಕೇಳಬೇಕು, 30 ಎಂದರೆ ಒಂದೂವರೆ ಕಿಲೋ ಎಂದು ಹೇಳಬೇಕು. ಕೇಳುವುದಕ್ಕೆ 'ಇನ್‌ಪುಟ್' ಎಂಬ ಮಾತಿದೆ. ಆದರೆ ಹಾಗೆ ಬಂದ 30 ಅದರ ಕಣ್ಣಿಗೆ ಅಂಕಿಯಲ್ಲ, ಬರೀ ಅಕ್ಷರ. 50ರಿಂದ ಗುಣಿಸು ಎಂದರೆ 30 ಎಂಬುದನ್ನೇ ಐವತ್ತು ಸಲ ಸಾಲಾಗಿ ಬರೆದುಬಿಡುತ್ತದೆ! 'ಇಂಟ್' ಎಂಬ ಮಾತಿನೊಳಗೆ ಹಾಕಿದರೆ ಅಂಕಿಯಾಗುತ್ತದೆ. ವಿಶೇಷವೆಂದರೆ ೩೦ ಎಂದು ಕನ್ನಡ ಅಂಕಿ ಒತ್ತಿದರೂ 'ಇಂಟ್' ತಿಳಿದುಕೊಳ್ಳುತ್ತದೆ. ಬೇಳೆ ಬೆಲ್ಲದ ಲೆಕ್ಕ ಯಂತ್ರ ಮಾಡಲಿ, ಉಪ್ಪು ಏಲಕ್ಕಿ ಮಾತ್ರ ನಿಮ್ಮ ಕೈಯಳತೆಯಲ್ಲೇ ಇರಲಿ.

ಮೂರನೇ, ನಾಲ್ಕನೇ ವಾರ: ಸಂಘದ ಬಡ್ಡಿ

ಇದೇ ಮುಖ್ಯ. ಬೀದರ ಜಿಲ್ಲೆ ಸ್ವಸಹಾಯ ಸಂಘಗಳಿಗೆ ಹೆಸರಾದದ್ದು, ಇಲ್ಲಿಯ ಡಿಸಿಸಿ ಬ್ಯಾಂಕು ಬಹಳ ವರ್ಷಗಳಿಂದ ಸಂಘಗಳಿಗೆ ಸಾಲ ಕೊಡುತ್ತ ಬಂದಿದೆ. ಆದರೆ ಅನೇಕ ಸಂಘಗಳಲ್ಲಿ ಲೆಕ್ಕ ಬರೆಯುವವಳು ಒಬ್ಬಳೇ, ಉಳಿದವರು ಅವಳು ಹೇಳಿದ್ದಕ್ಕೆ ಹೂಂ ಅನ್ನುವವರು. ಖಾಸಗಿಯಾಗಿ ಸಾಲ ತಂದವರ ಪಾಡು ಇನ್ನೂ ಕಷ್ಟ. "ನೂರಕ್ಕ ಎರಡು ಅಂದ್ರ ಎಲ್ಲಿ ತಂದ್ರೂ ಎರಡೇ ಅಲ್ರಿ ಅಕ್ಕಾ?" ಎಂದು ಕೇಳುತ್ತಾರೆ. ಅಲ್ಲ ತಂಗಿ, ಹಂಗಲ್ಲ.

12,000 ರೂಪಾಯಿ ಸಾಲ, ತಿಂಗಳಿಗೆ 1,000ದಂತೆ 12 ಕಂತು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಎನ್ನಿ. ಮೊದಲ ಸಾಲದ ಮೇಲೆಯೇ ಕೊನೆತನಕ ಬಡ್ಡಿ ಹಿಡಿದರೆ ತಿಂಗಳಿಗೆ 240, ವರ್ಷಕ್ಕೆ 2,880. ಉಳಿದ ಅಸಲಿನ ಮೇಲೆ ಹಿಡಿದರೆ ಮೊದಲ ತಿಂಗಳು 240, ಎರಡನೇ ತಿಂಗಳು 220, ಮೂರನೇದಕ್ಕೆ 200, ಹೀಗೆ ಇಳಿಯುತ್ತ ಕೊನೆಯ ತಿಂಗಳು 20. ಒಟ್ಟು 1,560. ಮಾತು ಒಂದೇ, 'ನೂರಕ್ಕೆ ಎರಡು'. ವ್ಯತ್ಯಾಸ 1,320 ರೂಪಾಯಿ!

ಇದನ್ನು ಪೈಥಾನಿನಲ್ಲಿ ಹೇಳಲು ಆರೇಳು ಸಾಲು ಸಾಕು. 'ಉಳಿದದ್ದು' ಎಂಬ ಹೆಸರಿಗೆ 12000 ಇಡಿ, 'ಒಟ್ಟು' ಎಂಬುದಕ್ಕೆ ಸೊನ್ನೆ. ಮಗ್ಗಿಯಲ್ಲಿ ಕಲಿತ 'ಫಾರ್' ಹಾಕಿ 12 ಸಲ ಮೂರು ಕೆಲಸ ಮಾಡಿಸಿ: ಉಳಿದದ್ದರ ಮೇಲೆ ಬಡ್ಡಿ ಹಾಕು, ಅದನ್ನು ಒಟ್ಟಿಗೆ ಸೇರಿಸು, ಉಳಿದದ್ದರಲ್ಲಿ 1000 ಕಳೆ. ಕೊನೆಗೆ ಒಟ್ಟು ತೋರಿಸು. ಇದು ಬಂದ ಮೇಲೆ ಸಾಲ, ಬಡ್ಡಿ, ಕಂತು ಮೂರನ್ನೂ ಹೋಳಿಗೆಯ ಲೆಕ್ಕದಂತೆ ಕೇಳಿ ತಿಳಿಯುವ ಹಾಗೆ ಮಾಡಿ. ಆಗ ಸಂಘದ ಯಾವ ಹೆಣ್ಣುಮಗಳಾದರೂ ಸಹಿ ಹಾಕುವ ಮೊದಲೇ ತಾನು ಎಷ್ಟು ಕಟ್ಟಬೇಕೆಂದು ಕಣ್ಣಾರೆ ನೋಡಬಹುದು.

ನೆನಪಿಡಬೇಕಾದ ಮಾತುಗಳು

1. ದಿನಕ್ಕೆ ಅರ್ಧ ತಾಸು ಸಾಕು, ಆದರೆ ದಿನಾ ಕೂಡಬೇಕು. ಪಾಠ ನೋಡುವುದು ಸ್ವಲ್ಪ, ಬೆರಳಿನಿಂದ ಒತ್ತುವುದು ಹೆಚ್ಚು ಇರಲಿ.

2. ಕೆಂಪು ಅಕ್ಷರದಲ್ಲಿ 'ಎರರ್' ಬಂದರೆ ಗಾಬರಿ ಬೇಡ. ಕೊನೆಯ ಸಾಲು ಮೊದಲು ಓದಿ. ತಪ್ಪು ಯಾವ ಬಗೆಯದು ಎಂದು ಅಲ್ಲಿರುತ್ತದೆ, ಎಷ್ಟನೇ ಸಾಲಿನಲ್ಲಿ ಎಂಬುದು ಅದರ ಮೇಲೆ.

3. ಯಂತ್ರ ಹೇಳಿದ್ದೇ ವೇದವಾಕ್ಯವಲ್ಲ. ಮೊದಲ ಮೂರು ತಿಂಗಳ ಬಡ್ಡಿಯನ್ನು ಪೆನ್ಸಿಲ್ ಹಿಡಿದು ತಾಳೆ ನೋಡಿ.

4. ಕೇಳಿದರೆ ಇಡೀ ಪ್ರೋಗ್ರಾಮನ್ನೇ ಬರೆದುಕೊಡುವ ಎಐ ಆ್ಯಪ್‌ಗಳು ಈಗ ಬಂದಿವೆ. ಮೊದಲು ನೀವೇ ಬರೆಯಿರಿ, ಆಮೇಲೆ ಅದನ್ನು ಕೇಳಿ. ಮಂದಿ ಮಾಡಿಕೊಟ್ಟ ರೊಟ್ಟಿಯಿಂದ ಹೊಟ್ಟೆ ತುಂಬೀತು, ಕೈಗೆ ರೊಟ್ಟಿ ಬಡಿಯಲು ಬಂದೀತೇ?

ತಿಂಗಳು ಕಳೆದ ಮೇಲೆ ಮಗಳನ್ನು ಕೂರಿಸಿಕೊಂಡು, ಬರೆದದ್ದರ ಒಂದೊಂದು ಸಾಲೂ ಏನು ಮಾಡುತ್ತದೆಂದು ಕೇಳಿ. ನಿಮಗೆ ತಿಳಿಯುವ ಹಾಗೆ ಹೇಳಿದಳೆಂದರೆ ರೊಕ್ಕ ಕಟ್ಟಲು ಹಿಂಜರಿಯಬೇಡಿ, ಕ್ಲಾಸಿನಲ್ಲಿ ಅವಳಿಗೆ ಮುಂದಿನ ದಾರಿ ಸಿಗುತ್ತದೆ. ಹೇಳಲು ಬಾರದಿದ್ದರೆ ಇನ್ನೊಂದು ತಿಂಗಳು ಕಾಯಿರಿ. ಬೈಯಬೇಡಿ, ಜೊತೆಗೆ ನೀವೂ ಕೂಡಿರಿ. ಲೆಕ್ಕ ಕೇಳುವ ಹೆಣ್ಣುಮಕ್ಕಳು ಒಂದು ಮನೆಯಲ್ಲಿ ಇಬ್ಬರಾದರೆ ಒಳ್ಳೆಯದೇ ಅಲ್ಲವೇ?